ರೇಷ್ಮೆ ನೂಲಿನ ತೂಕದಲ್ಲಿ ರೋಮಿನ ನಾಣ್ಯ

ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು ಹಾಗೂ ಸುತ್ತಣ ಗ್ರಾಮಗಳಲ್ಲಿ ರೇಷ್ಮೆ ನೂಲಿನ ದರದ ಮಾತು ಬಂದೊಡನೆ ‘ಎಷ್ಟು ಡೆನಿಯರ್?’ ಎಂಬ ಪ್ರಶ್ನೆಯೂ ಬರುತ್ತದೆ. ಯಂತ್ರಗಳ ಜೊತೆ ಬಂದ ಇಂಗ್ಲಿಷ್ ಪದವಿದೆಂದು ಅನೇಕರ ಭಾವನೆ. ವಾಸ್ತವವಾಗಿ ಇದು ಪ್ರಾಚೀನ ರೋಮಿನ ಬೆಳ್ಳಿ ನಾಣ್ಯವೊಂದರ ಹೆಸರು.

ಕ್ರಿ.ಪೂ. 211ರ ಸುಮಾರಿಗೆ ರೋಮನ್ನರು ‘ದಿನಾರಿಯಸ್’ ಎಂಬ ನಾಣ್ಯವನ್ನು ಚಲಾವಣೆಗೆ ತಂದರು. ಆರಂಭದಲ್ಲಿ ಅದು ಹತ್ತು ಕಂಚಿನ ನಾಣ್ಯಗಳಿಗೆ ಸಮವಾಗಿತ್ತು. ಹೆಸರಿನ ಅರ್ಥವೂ ‘ಹತ್ತರದು’ ಎಂದೇ. ಅರಬ್ಬರ ‘ದಿನಾರ್’, ಗುಪ್ತರ ಶಾಸನಗಳ ‘ದೀನಾರ’, ಫ್ರೆಂಚರ ‘ಡೆನಿಯರ್’ ಮೂರಕ್ಕೂ ಇದೇ ಮೂಲ. 1971ರವರೆಗೆ ಇಂಗ್ಲೆಂಡಿನ ಲೆಕ್ಕಪುಸ್ತಕಗಳಲ್ಲಿ ಪೆನ್ನಿಯನ್ನು ‘ಡಿ’ ಅಕ್ಷರದಿಂದ ಸೂಚಿಸುತ್ತಿದ್ದುದೂ ಇದರಿಂದಲೇ.

ಈ ನಾಣ್ಯ ನಮ್ಮ ನಾಡಿಗೆ ಅಪರಿಚಿತವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೊಂದು ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಇಂತಹ ನಾಣ್ಯಗಳು ಸಿಕ್ಕಿವೆ.

ನಾಣ್ಯವು ಅಳತೆಯಾದುದು ಫ್ರಾನ್ಸಿನಲ್ಲಿ. ಅಲ್ಲಿ ಡೆನಿಯರ್ ಒಂದು ಸಣ್ಣ ತೂಕದ ಹೆಸರೂ ಆಗಿತ್ತು. ರೇಷ್ಮೆ ವರ್ತಕರು ನಿಗದಿತ ಉದ್ದದ ನೂಲನ್ನು ಆ ತೂಕದಲ್ಲಿ ತೂಗಿ ಅದರ ದಪ್ಪವನ್ನು ನಿರ್ಣಯಿಸುತ್ತಿದ್ದರು. ಇಂದು 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್.

ಒಂದು ಗೂಡಿನ ಎಳೆ ಸುಮಾರು 2ರಿಂದ 3 ಡೆನಿಯರ್. 20–22 ಡೆನಿಯರಿನ ನೂಲಿಗೆ ಸುಮಾರು ಎಂಟು ಗೂಡುಗಳ ಎಳೆಗಳನ್ನು ಕೂಡಿಸಬೇಕು. ಒಂದು ಗೂಡು ಮುಗಿದಾಗ ಕೂಡಲೇ ಮತ್ತೊಂದನ್ನು ಸೇರಿಸದಿದ್ದರೆ ನೂಲು ಆ ಭಾಗದಲ್ಲಿ ತೆಳುವಾಗುತ್ತದೆ. ಮಗ್ಗದ ಹಾಸಿನಲ್ಲಿ ಹರಿಯುತ್ತದೆ. ನೇಕಾರ ಮರುದಿನ ಬೇರೆಡೆಯ ನೂಲನ್ನು ಹುಡುಕುತ್ತಾನೆ. ಚರಕದ ನೂಲಿಗಿಂತ ಸ್ವಯಂಚಾಲಿತ ಯಂತ್ರದ ನೂಲಿಗೆ ಹೆಚ್ಚು ಬೆಲೆ ದೊರೆಯುವುದಕ್ಕೆ ಈ ಏಕರೂಪತೆಯೇ ಮುಖ್ಯ ಕಾರಣ.

ದಿನಾರಿಯಸ್ಸಿನ ಅಂತ್ಯವೂ ವರ್ತಕರು ನೆನಪಿಡಬೇಕಾದದ್ದು. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಅದರ ತೂಕವನ್ನೂ ಬೆಳ್ಳಿಯ ಅಂಶವನ್ನೂ ತಗ್ಗಿಸಿದನು. ಅನಂತರದ ಅರಸರೂ ಅದೇ ಹಾದಿ ಹಿಡಿದರು. ಮೂರನೆಯ ಶತಮಾನದ ಹೊತ್ತಿಗೆ ರೋಮಿನ ಬೆಳ್ಳಿ ನಾಣ್ಯದಲ್ಲಿ ಬೆಳ್ಳಿ ನಾಮಮಾತ್ರವಾಗಿ, ಜನರ ವಿಶ್ವಾಸವೂ ಕರಗಿತು. ಕಲಬೆರಕೆಯಾದ ನಾಣ್ಯ ಅಳಿಯಿತು; ಕಟ್ಟುನಿಟ್ಟಾದ ಅಳತೆಯಾಗಿ ಅದರ ಹೆಸರು ಉಳಿಯಿತು. ನೂಲಿನ ಲಡಿಯ ಮೇಲೆ ಡೆನಿಯರ್ ಸಂಖ್ಯೆಯನ್ನು ನಮೂದಿಸುವವರು ಈ ವ್ಯತ್ಯಾಸವನ್ನು ಮರೆಯಬಾರದು.