ವುಝೂ ಮಾಡುವಾಗ ಫಿಸ್ಟುಲಾ ಮುಟ್ಟಿ ನೋಡಿ

ಡಯಾಲಿಸಿಸ್ ಎಂದರೇನು ಎಂದು ಈಗ ನಮ್ಮ ಮನೆಗಳಲ್ಲಿ ವಿವರಿಸಬೇಕಾಗಿಲ್ಲ. ವಾರಕ್ಕೆ ಎರಡು ಮೂರು ಸಲ, ನಾಲ್ಕು ನಾಲ್ಕು ಗಂಟೆ ಮಲಗಿ ಬರುವವರು ನಮ್ಮ ಜಮಾಅತ್‌ಗಳಲ್ಲಿದ್ದಾರೆ. ಖರ್ಚಿನ ಬಗ್ಗೆ, ಪಥ್ಯದ ಬಗ್ಗೆ ಮಾತು ನಡೆಯುತ್ತದೆ. ಸೂಜಿ ಚುಚ್ಚುವ ಕೈಯ ಮಾತು ಮಾತ್ರ ಕಡಿಮೆ.

ಮೆಷಿನ್‌ಗೆ ನಿಮಿಷಕ್ಕೆ ಸುಮಾರು 300 ಮಿ.ಲೀ. ರಕ್ತ ಬೇಕು. ಸಾಮಾನ್ಯ ನರದಲ್ಲಿ ಅಷ್ಟು ಹರಿವು ಸಿಗುವುದಿಲ್ಲ. ಅದಕ್ಕೇ ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಫಿಸ್ಟುಲಾ ಮಾಡುತ್ತಾರೆ. ನರ ದಪ್ಪವಾಗಿ ಸೂಜಿಗೆ ತಯಾರಾಗಲು ಒಂದೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಅದು ಹೆಪ್ಪುಗಟ್ಟಿ ಮುಚ್ಚಿದರೆ ಕುತ್ತಿಗೆಗೆ ಪೈಪ್ ಹಾಕಬೇಕಾಗಬಹುದು. ಪೈಪ್‌ನಲ್ಲಿ ಸೋಂಕಿನ ಭಯ ಹೆಚ್ಚು.

ಒಳ್ಳೆಯ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟುವ ಹಾಗೆ ಕಂಪನ ತಿಳಿಯುತ್ತದೆ. ವುಝೂ ಮಾಡುತ್ತಾ ಮೊಣಕೈವರೆಗೆ ತೊಳೆಯುವಾಗ ಒಂದು ಕ್ಷಣ ಅಲ್ಲಿ ಬೆರಳು ನಿಲ್ಲಲಿ. ದಿನಕ್ಕೆ ಐದು ಸಲ ಪರೀಕ್ಷೆ ಆಗಿಹೋಯಿತು! ಕಂಪನ ಸಿಗದಿದ್ದರೆ 'ನಾಳೆ ಡಯಾಲಿಸಿಸ್ ಉಂಟಲ್ಲ, ಆಗ ಹೇಳುವ' ಎಂದು ಕೂರಬೇಡಿ. ಕೂಡಲೇ ಫೋನ್ ಮಾಡಿ, ಹೊರಡಿ. ಬೇಗ ಹೋದರೆ ಕೆಲವೊಮ್ಮೆ ಉಳಿಸಲು ಆಗುತ್ತದೆ. ಕೆಂಪಾಗಿ ಬಿಸಿಯಾದರೂ, ಕೀವು, ಜ್ವರ ಬಂದರೂ ಹಾಗೆಯೇ. ಸೂಜಿ ತೆಗೆದ ಜಾಗದಲ್ಲಿ ಪಟ್ಟಿ ಇರುವಾಗ ನೀರು ತಾಗಿಸಬಾರದು. ಆಗ ವುಝೂ ಹೇಗೆಂದು ಉಸ್ತಾದರಲ್ಲಿ ಕೇಳಿ, ದೀನ್‌ನಲ್ಲಿ ಅದಕ್ಕೂ ದಾರಿ ಇದೆ.

ಆ ಕೈಗೆ ಬಿಗಿ ಬಳೆ, ವಾಚ್, ಬುರ್ಖಾದ ಬಿಗಿ ತೋಳು ಬೇಡ. ಮದುವೆಗೆ ಹೋಗುವಾಗ ಚಿನ್ನವೆಲ್ಲ ಇನ್ನೊಂದು ಕೈಗೇ ಇರಲಿ. ಅಕ್ಕಿ ಚೀಲ ಎತ್ತುವುದು, ಆ ಕೈಯನ್ನು ತಲೆಯಡಿ ಇಟ್ಟು ಮಲಗುವುದು ಕೂಡದು. ಬಿಪಿ ನೋಡಲು, ರಕ್ತ ತೆಗೆಯಲು ಆ ಕೈ ಕೊಡಲೇಬಾರದು. ನರ್ಸ್‌ಗೆ ಎದುರು ಹೇಳಲು ಉಮ್ಮನಿಗೆ ಸಂಕೋಚ. ಜೊತೆಗೆ ಹೋದ ಮಕ್ಕಳು ಬಾಯಿ ಬಿಡಬೇಕು.

ಮನೆಗೆ ಬಂದ ಮೇಲೆ ರಕ್ತ ಜಿನುಗಿದರೆ ಗಾಬರಿಯಲ್ಲಿ ಶಾಲು ಸುತ್ತಿ ಬಿಗಿಯುವವರಿದ್ದಾರೆ. ಬಿಗಿದು ಕಟ್ಟಿದರೆ ಫಿಸ್ಟುಲಾವೇ ಮುಚ್ಚಬಹುದು. ಶುದ್ಧ ಬಟ್ಟೆಯಿಟ್ಟು ಬೆರಳಿನಿಂದ ಅದೇ ಜಾಗವನ್ನು 10-15 ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ. ರಕ್ತ ಚಿಮ್ಮಿದರೆ ಅಷ್ಟು ಹೊತ್ತೂ ಕಾಯಬೇಡಿ.

ಕಿಡ್ನಿ ದುರ್ಬಲ ಎಂದು ಡಾಕ್ಟರ್ ಹೇಳಿ, ಡಯಾಲಿಸಿಸ್ ಇನ್ನೂ ಶುರುವಾಗದವರು ಬಳಸದ ಕೈಯ ನರಗಳನ್ನು ಈಗಲೇ ಕಾಪಾಡಿಕೊಳ್ಳಬೇಕು. ಜ್ವರಕ್ಕೆ ಡ್ರಿಪ್ ಹಾಕಿಸುವಾಗ ಸೂಜಿಯನ್ನು ಅಂಗೈ ಹಿಂಭಾಗಕ್ಕೆ ಹಾಕಲು ಹೇಳಿ.