ಕೋಟೆಯ ಒಳಗಿನ ಕತೆ, ಹೊರಗಿನ ಕತೆ

ಕಾದಂಬರಿಕಾರರು ಎದುರಿಗೆ ಸಿಕ್ಕರೆ ಓದುಗರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಇದು ನಡೆದದ್ದಾ, ನೀವು ಕಟ್ಟಿದ್ದಾ?” ಚಿತ್ರದುರ್ಗದ ಕತೆಯಾದರೆ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಒನಕೆ ಓಬವ್ವನ ಕತೆ ಕೇಳಿ ಬಂದ ಮಗು “ಉಮ್ಮಾ, ಕಿಂಡಿಯಲ್ಲಿ ನುಗ್ಗಿದವರು ನಮ್ಮವರಾ?” ಅಂತ ಕೇಳಿದರೆ ಏನು ಹೇಳುವುದು? ಮಾತು ಹಾರಿಸುವುದು ಸುಲಭ. ಆದರೆ ಮಗು ಮತ್ತೆ ಇನ್ನೆಲ್ಲೋ ಕೇಳುತ್ತದೆ, ಸಿಕ್ಕಿದ ಉತ್ತರವನ್ನೇ ನಂಬುತ್ತದೆ.

ಇದಕ್ಕೆ ಉತ್ತರ ಹುಡುಕಲು ಚಳ್ಳಕೆರೆ, ಮೊಳಕಾಲ್ಮೂರು ಕಡೆಗೇ ಹೋಗಬೇಕು. ಕರಾವಳಿಯ ನಮಗೆ ಚಳ್ಳಕೆರೆ ಅಂದರೆ ಶೇಂಗಾ ಎಣ್ಣೆ, ಮೊಳಕಾಲ್ಮೂರು ಅಂದರೆ ಮದುವೆಯ ರೇಷ್ಮೆ ಸೀರೆ. ಆದರೆ ಕನ್ನಡ ಕಾದಂಬರಿಗೂ ಈ ಬಯಲು ಸೀಮೆಗೂ ಹಳೆಯ ನಂಟಿದೆ.

ಚಳ್ಳಕೆರೆ ತಾಲೂಕಿನ ತಳುಕು ಗ್ರಾಮದ ಮನೆತನಕ್ಕೆ ಸೇರಿದವರು ತ.ರಾ.ಸುಬ್ಬರಾವ್, ಎಲ್ಲರ ಬಾಯಲ್ಲಿ ತ.ರಾ.ಸು. ಹುಟ್ಟಿದ್ದು 1920ರಲ್ಲಿ. ಕುವೆಂಪು ಅವರ ಗುರು ತ.ಸು.ವೆಂಕಣ್ಣಯ್ಯನವರು ಇದೇ ಮನೆತನದವರು, ತ.ರಾ.ಸು.ಗೆ ದೊಡ್ಡಪ್ಪ. ಹದಿಹರೆಯದ ಹುಡುಗ ತನ್ನ ಮೊದಲ ಕತೆಯನ್ನು ದೊಡ್ಡಪ್ಪನೊಂದಿಗೆ ಐದು ರೂಪಾಯಿ ಪಣ ಕಟ್ಟಿ ಬರೆದ ಎಂಬ ಮಾತಿದೆ. ಮುಂದೆ ಅದೇ ಹುಡುಗ ದುರ್ಗದ ನಾಯಕರ ಮೇಲೆ ಒಂದರ ಹಿಂದೊಂದು ಕಾದಂಬರಿ ಬರೆದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು ‘ದುರ್ಗಾಸ್ತಮಾನ’ದವರೆಗೆ. 1984ರಲ್ಲಿ ಅವರು ತೀರಿಕೊಂಡರು, 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ‘ದುರ್ಗಾಸ್ತಮಾನ’ಕ್ಕೆ ಬಂತು. ಅವರ ಕಾದಂಬರಿಗಳನ್ನು ಆಧರಿಸಿದ ‘ನಾಗರಹಾವು’ ಸಿನಿಮಾ 1972ರಲ್ಲಿ ಬಂದಾಗ, ಒನಕೆ ಹಿಡಿದ ಜಯಂತಿಯವರ ಓಬವ್ವ ಕನ್ನಡಿಗರ ಮನೆಮನೆ ತಲುಪಿದಳು.

ತ.ರಾ.ಸು. ನಿಂತು ನೋಡಿದ್ದು ಕೋಟೆಯ ಒಳಗಿನಿಂದ. ಅಲ್ಲಿಂದ ನೋಡುವವನಿಗೆ ಹೈದರಾಲಿ ಹೊರಗಿನಿಂದ ಬರುವ ವೈರಿಯೇ ಸರಿ. ಇದು ಕಾದಂಬರಿಕಾರನ ತಪ್ಪಲ್ಲ, ಅವನು ಆರಿಸಿಕೊಂಡ ಜಾಗ. ಕತೆ ಹೇಳುವವ ಎಲ್ಲಿಯಾದರೂ ಒಂದು ಕಡೆ ನಿಲ್ಲಲೇಬೇಕಲ್ಲ? ಆ ಜಾಗ ಯಾವುದೆಂದು ಓದುಗ ಗುರುತಿಸಿಕೊಂಡರೆ ಸಾಕು, ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಇನ್ನು ದಾಖಲೆ ಏನನ್ನುತ್ತದೆ? ದುರ್ಗ ಹೈದರನ ಕೈಗೆ ಬಿದ್ದದ್ದು 1779ರಲ್ಲಿ. ಅದಕ್ಕೂ ಮೊದಲು ಇದೇ ಮದಕರಿ ನಾಯಕ ಹೈದರನ ಪರವಾಗಿ ಯುದ್ಧಕ್ಕೆ ಹೋಗಿದ್ದ. ಮರಾಠರ ಬಲ ಏರಿದಾಗ, ಇಳಿದಾಗ ಪಾಳೆಯಗಾರರ ನಿಷ್ಠೆಯೂ ಆಚೀಚೆ ಆಗುತ್ತಿತ್ತು. ಅದು ರಾಜ್ಯದ ಜಗಳ, ಧರ್ಮದ್ದಲ್ಲ. ಮೈಸೂರು ಗೆಜೆಟಿಯರ್ ಬರೆದ ಲೂಯಿಸ್ ರೈಸ್, ನಾಯಕನ ಕೈಕೆಳಗಿದ್ದ ಮುಸ್ಲಿಂ ಅಧಿಕಾರಿಗಳ ದ್ರೋಹದಿಂದ ಕೋಟೆ ಬಿತ್ತು ಎನ್ನುತ್ತಾರೆ. ಓದಲು ಕಹಿ. ಆದರೂ ಮಕ್ಕಳಿಂದ ಮುಚ್ಚಿಡುವುದು ಬೇಡ. ಯಾಕೆಂದರೆ ಅದೇ ಸಾಲು ಇನ್ನೊಂದು ವಿಷಯವನ್ನೂ ಹೇಳುತ್ತದೆ: ಮದಕರಿಯ ಉಪ್ಪು ತಿಂದು ಆ ಕೋಟೆ ಕಾಯುತ್ತಿದ್ದವರಲ್ಲೂ ಮುಸ್ಲಿಮರಿದ್ದರು. ಕೋಟೆಯ ಹೊರಗೆ ಹೈದರನ ಪಾಳಯದಲ್ಲೂ ಎಲ್ಲ ಜಾತಿ, ಧರ್ಮದವರಿದ್ದರು. ಹಾಗಾಗಿ ಮಗುವಿನ ಪ್ರಶ್ನೆಗೆ “ಎರಡೂ ಕಡೆ ಎಲ್ಲರೂ ಇದ್ದರು ಮೋನೇ” ಎನ್ನುವುದು ಸಮಾಧಾನದ ಮಾತಲ್ಲ, ನಿಜವಾದ ಉತ್ತರ.

ಇದೇ ಸೀಮೆಯಲ್ಲಿ ಓಡಾಡಿದ ಇನ್ನೊಬ್ಬ ಕಾದಂಬರಿಕಾರರು ಕೃಷ್ಣಮೂರ್ತಿ ಹನೂರು. ಚಳ್ಳಕೆರೆ ತಾಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದ ಹೆಂಗಸು, ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದವರು. ಹನೂರರು ಆಕೆಯ ಮುಂದೆ ಕೂತು ಕೇಳಿದರು, ಬರೆದುಕೊಂಡರು. ಮುಂದೆ ‘ಅಜ್ಞಾತನೊಬ್ಬನ ಆತ್ಮಚರಿತ್ರೆ’ ಕಾದಂಬರಿಯಲ್ಲಿ ಟಿಪ್ಪು ಕಾಲದ ಒಬ್ಬ ದಳವಾಯಿಯ ಬದುಕನ್ನು ಹೇಳಿದರು. ಕೋಟೆ, ಸುಲ್ತಾನರಿಗಿಂತ ಅವರ ನಡುವೆ ಸಿಕ್ಕಿದ ಮನುಷ್ಯನ ಕತೆ ಅದು. ಕಾಲ ಹೆಚ್ಚುಕಡಿಮೆ ಅದೇ, ನಿಂತ ಜಾಗ ಬೇರೆ. ಎರಡನ್ನೂ ಓದಿದವರಿಗೆ ಚರಿತ್ರೆ ಒಂದೇ ಕಿಂಡಿಯಿಂದ ಕಾಣುವಂಥದ್ದಲ್ಲ ಎಂದು ಅರ್ಥವಾಗುತ್ತದೆ.

ಮೊಳಕಾಲ್ಮೂರಿಗೆ ಬನ್ನಿ. ಆ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರೂ ಇದೇ ರೈಸ್. ಶಾಸನದ ಕೊನೆಗೆ ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ದೂರದ ವಾಯವ್ಯ ಸೀಮೆಯ ಲಿಪಿ, ನಾವು ಮದ್ರಸದಲ್ಲಿ ಕಲಿತ ಅರಬಿಯಂತೆ ಬಲದಿಂದ ಎಡಕ್ಕೆ ಓದುವಂಥದ್ದು. ಎರಡು ಸಾವಿರ ವರ್ಷಕ್ಕೂ ಹಿಂದೆ, ಬೇರೆ ಸೀಮೆಯ ಅಕ್ಷರ ಬಲ್ಲ ಒಬ್ಬ ಲಿಪಿಕಾರ ಈ ಮಣ್ಣಿನ ಬಂಡೆಯ ಮೇಲೆ ತನ್ನ ಗುರುತು ಬಿಟ್ಟು ಹೋದ. ಒಳಗಿನವರು, ಹೊರಗಿನವರು ಎಂಬ ಲೆಕ್ಕ ಅಷ್ಟು ಸಲೀಸಲ್ಲ, ನೋಡಿ.

ನಮ್ಮ ಕತೆ ಯಾರು ಹೇಳಬೇಕು? ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಬರೆದು ತಲಾಖ್‌ಗೆ ಸಿಕ್ಕಿ ನರಳುವ ನಾದಿರಾಳ ಪಾಡು ಹೇಳಿದಾಗ ನಮ್ಮವರಲ್ಲೇ ಹಲವರಿಗೆ ಸಿಟ್ಟು ಬಂದಿತ್ತು. ಇಂದು ಅದನ್ನೇ ಹೆಮ್ಮೆಯಿಂದ ಹೆಸರಿಸುತ್ತೇವೆ. ಬೊಳುವಾರು ಮಹಮದ್ ಕುಂಞಿ ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿದರು. ಅವರ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ತ.ರಾ.ಸು. ದುರ್ಗವನ್ನು ಒಳಗಿನಿಂದ ಕಂಡಂತೆ ಇವರು ನಮ್ಮ ಮನೆಗಳನ್ನು ಒಳಗಿನಿಂದ ಕಂಡರು. ಹೊರಗಿನವರು ನಮ್ಮನ್ನು ತಪ್ಪಾಗಿ ಬರೆದರು ಎಂಬ ದೂರಿಗೆ ಇದಕ್ಕಿಂತ ಒಳ್ಳೆಯ ಜವಾಬು ಇಲ್ಲ.

ಮಕ್ಕಳ ಕೈಗೆ ‘ದುರ್ಗಾಸ್ತಮಾನ’ ಕೊಡಿ, ಹೆದರಬೇಡಿ. ಹೇಳುವವ ಎಲ್ಲಿ ನಿಂತಿದ್ದಾನೆ, ಯಾರ ಮಾತು ಕೇಳಿಸುತ್ತಿಲ್ಲ ಎಂದು ಓದುತ್ತಾ ಕೇಳಿಕೊಳ್ಳಲು ಕಲಿಸಿ. ಮನೆಯಲ್ಲಿ ಹಳೆಯ ಕತೆ ಬಲ್ಲ ಅಜ್ಜಿ ಇದ್ದರೆ, ಸಿರಿಯಜ್ಜಿಯ ಮುಂದೆ ಹನೂರರು ಕೂತಂತೆ ಒಂದು ನೋಟ್‌ಬುಕ್ ಹಿಡಿದು ಕೂರಿಸಿ. ಮುಂದಿನ ಕಾದಂಬರಿ ಅಲ್ಲಿಂದಲೇ ಹುಟ್ಟೀತು.