ಕಾಯ್ದೆ ಬೇಕೋ, ಹುಕುಂ ಬೇಕೋ, ರೊಕ್ಕ ಬೇಕೋ?



ಜೋಳದ ಸುಗ್ಗಿಯಲ್ಲಿ ಕಣಿಕೆ ಹೇರಿದ ಚಕ್ಕಡಿ ಬದುವಿನ ಹತ್ತಿರ ನಿಂತುಬಿಡುತ್ತದೆ. ಮುಂದಿನ ಹೊಲದವನು ದಾರಿಗೆ ಮುಳ್ಳು ಹಚ್ಚಿದ್ದಾನೆ. ಅಜ್ಜನ ಕಾಲದಿಂದ ಎತ್ತು ಹಾಯ್ದ ದಾರಿ. ಆದರೆ ಊರ ನಕಾಶೆಯಲ್ಲಿ ಗೆರೆ ಇಲ್ಲ. ಕಚೇರಿಗೆ ಹೋದರೆ “ಸಿವಿಲ್ ಕೋರ್ಟಿಗೆ ಹೋಗಿರಿ” ಎನ್ನುತ್ತಾರೆ. 20 ವರ್ಷ ತಡೆಯಿಲ್ಲದೆ ಹಕ್ಕೆಂದು ನಡೆದ ದಾರಿಗೆ 1882ರ ಈಸ್ಮೆಂಟ್ ಕಾಯ್ದೆಯಲ್ಲಿ ರಕ್ಷಣೆ ಇದೆ, ನಿಜ. ಅದನ್ನು ಸಾಬೀತುಪಡಿಸುವಷ್ಟರಲ್ಲಿ ಎಷ್ಟು ಸುಗ್ಗಿ ಹೋದವು ಎಂಬುದನ್ನು ಖಟ್ಲೆ ನಡೆಸಿದವರನ್ನೇ ಕೇಳಿರಿ.

ಇಂಥ ತಕರಾರುಗಳು ಗ್ರಾಮ ಸಭೆಗೆ ಬರುತ್ತವೆ, ಠರಾವು ಆಗುತ್ತವೆ, ದಫ್ತರದಲ್ಲಿ ಉಳಿಯುತ್ತವೆ. ಅನೇಕ ಸಲ ತಪ್ಪು ನಮ್ಮದೂ ಇರುತ್ತದೆ. ಎಲ್ಲವನ್ನೂ ಒಂದೇ ಬಾಗಿಲಿಗೆ ಒಯ್ಯುತ್ತೇವೆ.

ಬೆಣ್ಣಿಹಳ್ಳ ಉಕ್ಕಿ ಕುಂದಗೋಳ, ನವಲಗುಂದ ಕಡೆಯ ಎರಿ ಹೊಲಗಳನ್ನು ನುಂಗಿದರೆ ಅದಕ್ಕೆ ಬೇಕಾದದ್ದು ಹೊಸ ಕಾಯ್ದೆಯಲ್ಲ. ಯೋಜನೆ ಮತ್ತು ರೊಕ್ಕ. ಪೇಟೆಗೆ ಹೆಸರು ಬಂದು ಮಾರಿಹೋದ ಮೇಲೆ ಖರೀದಿ ಕೇಂದ್ರ ತೆರೆದರೆ ಅಲ್ಲಿ ಬೇಕಾಗಿದ್ದದ್ದು ಸಕಾಲದ ಹುಕುಂ. ಹೊಲದ ದಾರಿಯ ಮಾತು ಮಾತ್ರ ಬೇರೆ. ನೆರೆಯ ಮಹಾರಾಷ್ಟ್ರದ 1966ರ ಭೂ ಕಂದಾಯ ಸಂಹಿತೆಯಲ್ಲಿ 143ನೇ ಕಲಮು ಇದೆ. ಬೇರೆ ಸರ್ವೆ ನಂಬರಿನ ಬಾಂದಿನ ಮೇಲೆ ಹಾಯುವ ಹಕ್ಕನ್ನು ತಹಶೀಲ್ದಾರರೇ ವಿಚಾರಿಸಿ ತೀರ್ಮಾನಿಸಬಹುದೆಂದು ಅದು ಹೇಳುತ್ತದೆ. ಅಷ್ಟೇ ಸ್ಪಷ್ಟವಾದ ಕಲಮು ನಮಗೂ ಬೇಕು ಎಂದರೆ ಅದು ಶಾಸನದ ಬೇಡಿಕೆ. ಭೂಮಿ ರಾಜ್ಯದ ವಿಷಯವಾದ್ದರಿಂದ ಅದು ದಿಲ್ಲಿಗೆ ಹೋಗಬೇಕಿಲ್ಲ, ವಿಧಾನ ಮಂಡಲಕ್ಕೆ ಹೋಗಬೇಕು.

ಜಿಲ್ಲಾ ಪಂಚಾಯತಿಗೆ ಕಾಯ್ದೆ ಮಾಡುವ ಅಧಿಕಾರವಿಲ್ಲ. ಆದರೆ ಹತ್ತಾರು ಊರುಗಳ ಠರಾವುಗಳನ್ನು ಒಂದುಗೂಡಿಸಿ, ಯಾವುದು ಮೊದಲು ಎಂದು ತೂಗಿ, ಜಿಲ್ಲೆಯ ಹೆಸರಿನಲ್ಲಿ ಸರಕಾರವನ್ನು ಕೇಳಬಲ್ಲದು. ಒಂದು ಊರಿನ ಠರಾವಿಗೂ ಇಡೀ ಜಿಲ್ಲೆಯ ಠರಾವಿಗೂ ಇರುವ ಅಂತರ ನಿಮಗೆ ಹೇಳಬೇಕಾಗಿಲ್ಲ.

ಆ ಮನೆಯೇ ಖಾಲಿ ಬಿದ್ದರೆ? ಅಬ್ದುಲ್ ನಜೀರ್ ಸಾಬರು ತಂದ 1983ರ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತುಗಳು ಬಂದವು. 1992ರಲ್ಲಿ ಅವಧಿ ಮುಗಿಯಿತು. ಜಿಲ್ಲಾ ಮಟ್ಟದಲ್ಲಿ ಮತ್ತೆ ಚುನಾವಣೆ ಕಂಡದ್ದು 1995ರಲ್ಲಿ. ಈ ನಡುವೆ, 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದು, ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಕಟ್ಟು ಹಾಕಿತು. ಆದರೂ 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದಾಗ ಹೊಸ ಚುನಾವಣೆ ಆಗಲಿಲ್ಲ. ಅದೇ ವರ್ಷ ರಾಜ್ಯದ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಕೆಲಸವನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ವಿಷಯ ಹೈಕೋರ್ಟು ಹತ್ತಿತು. ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕಾರಭಾರ ನಡೆಯಿತು. ಅಧಿಕಾರಿ ಕೆಲಸ ನಡೆಸಬಹುದು, ಆದರೆ ತನ್ನ ಮೇಲಿನ ಸರಕಾರಕ್ಕೆ ನಿಮ್ಮ ಪರವಾಗಿ ಎದುರು ಮಾತಾಡುವನೇ?

ಪೆಟ್ಟು ಅಲ್ಲಿಗೇ ನಿಲ್ಲಲಿಲ್ಲ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುವಂಥವು. ಧಾರವಾಡ, ಗದಗ, ಹಾವೇರಿ ಸೇರಿದ ನಮ್ಮ ಕ್ಷೇತ್ರಕ್ಕೆ ಎರಡು ಸ್ಥಾನ. 2021ರ ಡಿಸೆಂಬರ್ 10ರಂದು ಮತದಾನ ನಡೆದಾಗ ಜಿಲ್ಲಾ, ತಾಲೂಕು ಪಂಚಾಯತಿ ಸದಸ್ಯರೆಂಬ ಮತದಾರರೇ ಇರಲಿಲ್ಲ. ಆದ್ದರಿಂದ ಜಿಲ್ಲೆಯ ಬೇಡಿಕೆಪಟ್ಟಿಯಲ್ಲಿ ಹೊಲದ ದಾರಿಗಿಂತ ಮೊದಲು ಬರೆಯಬೇಕಾದ ಮಾತೊಂದಿದೆ: ವಿಂಗಡಣೆ, ಮೀಸಲಾತಿ ಪಟ್ಟಿ ತಡವಾದರೂ ಚುನಾವಣೆ ತಡೆಯಬಾರದು, ಹಳೆಯ ಕ್ಷೇತ್ರಗಳಲ್ಲೇ ನಡೆಯಲಿ ಎಂದು ರಾಜ್ಯದ ಕಾಯ್ದೆಯಲ್ಲೇ ಕಲಮು ಬರಲಿ.

ಸದಸ್ಯರ ಅವಧಿ ಮುಗಿಯಬಹುದು. ಗ್ರಾಮ ಸಭೆ ಎಂದರೆ ಊರಿನ ಮತದಾರರು, ಅವರಿಗೆ ಅವಧಿಯಿಲ್ಲ. ಮುಂದಿನ ಸಭೆಗೆ ಹೋಗುವಾಗ ಬೇಡಿಕೆಯನ್ನು ನಾಲ್ಕು ಸಾಲಿನಲ್ಲಿ ಬರೆದುಕೊಂಡು ಹೋಗಿರಿ. ಯಾವ ಕಾಯ್ದೆ, ಯಾವ ಕಲಮು, ಏನು ಬದಲು ಎಂದು ವಕೀಲರೊಬ್ಬರಿಂದ ತಿದ್ದಿಸಿದರೆ ಉತ್ತಮ. “ರೈತರಿಗೆ ಅನುಕೂಲ ಮಾಡಿಕೊಡಬೇಕು” ಎಂಬ ಠರಾವಿನಿಂದ ಯಾರಿಗೂ ಏನೂ ಆಗುವುದಿಲ್ಲ. ನಡವಳಿ ಪುಸ್ತಕದಲ್ಲಿ ಬರೆಸಿ, ಸಹಿ ಇದ್ದ ನಕಲು ಪಡೆಯಿರಿ. ಅದನ್ನು ನಿಮ್ಮ ಶಾಸಕರಿಗೂ ಪರಿಷತ್ತಿನ ಸದಸ್ಯರಿಗೂ ಕೊಡಿರಿ. ಮಂತ್ರಿಯಲ್ಲದ ಸದಸ್ಯರೂ ಖಾಸಗಿ ಮಸೂದೆ ತರಬಹುದು. ಸದನಗಳಲ್ಲಿ ಅರ್ಜಿ ಸಮಿತಿಗಳೂ ಇವೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಕೂಡುತ್ತದೆ. ದೀಪಾವಳಿಯೊಳಗೆ ಕಾಗದ ಅವರ ಕೈ ಸೇರಿರಲಿ. ಒಂದು ನಕಲು ವಾಚನಾಲಯದಲ್ಲಿಯೂ ಇರಲಿ, ಮುಂದಿನ ವರ್ಷ ಅದೇ ಸಾಲು ಓದಿ ಕೇಳಲು ಬರುತ್ತದೆ.